ಕಾರಿನ ಮೈ ಕಳಚಿದ ದಿನ



ಹೆದ್ದಾರಿಯಲ್ಲಿ ಪ್ರಯಾಣ ಮಾಡುವಾಗ ನೀವೊಂದು ವಿಚಿತ್ರ ವಾಹನವನ್ನು ಕಂಡಿರಬಹುದು. ಮುಂದೆ ಇಂಜಿನ್ನು, ಅದರ ಹಿಂದೆ ಉದ್ದನೆಯ ಎರಡು ಉಕ್ಕಿನ ತೊಲೆಗಳು, ಕೆಳಗೆ ಚಕ್ರಗಳು, ಅಷ್ಟೇ. ಗೋಡೆಯಿಲ್ಲ, ಛಾವಣಿಯಿಲ್ಲ, ಗಾಜಿಲ್ಲ. ಚಾಲಕನು ತಲೆಗೆ ಟವೆಲು ಸುತ್ತಿಕೊಂಡು, ಬಿಸಿಲಿಗೂ ಧೂಳಿಗೂ ಮೈಯೊಡ್ಡಿ ಕುಳಿತಿರುತ್ತಾನೆ. ಕಾರ್ಖಾನೆಯಿಂದ ಹೊರಟು, ಬಾಡಿ ಕಟ್ಟುವವರ ಷೆಡ್ಡಿನತ್ತ ಸಾಗುತ್ತಿರುವ ಬಸ್ಸಿನ ಅಥವಾ ಲಾರಿಯ ಚಾಸಿ ಅದು. ಚಿಕ್ಕಂದಿನಲ್ಲಿ ಅಂಥದೊಂದು ನಮ್ಮೂರ ರಸ್ತೆಯಲ್ಲಿ ಹಾದುಹೋದರೆ ನಾವು ಹುಡುಗರು "ಬತ್ತಲೆ ಲಾರಿ, ಬತ್ತಲೆ ಲಾರಿ" ಎಂದು ಕೂಗುತ್ತ ಅದರ ಹಿಂದೆ ಓಡುತ್ತಿದ್ದೆವು. ಮೈಯಿಲ್ಲದೆಯೂ ವಾಹನ ಓಡಬಲ್ಲದು ಎಂಬುದು ನಮಗೆ ದೊಡ್ಡ ಅಚ್ಚರಿಯಾಗಿತ್ತು.

ಆ ಅಚ್ಚರಿ ಮತ್ತೊಮ್ಮೆ ನನ್ನೆದುರು ಬಂದು ನಿಂತದ್ದು 2012ರ ಜೂನ್ ತಿಂಗಳ ಒಂದು ಶನಿವಾರ, ಇಂಗ್ಲೆಂಡಿನ ಕೊವೆಂಟ್ರಿ ನಗರದ ಒಂದು ಗ್ಯಾರೇಜಿನಲ್ಲಿ. ಆಗ ನಾನು ಅಲ್ಲಿನ ಧರ್ಮಕೇಂದ್ರವೊಂದರಲ್ಲಿ ಎರಡು ವರ್ಷಗಳ ಮಟ್ಟಿಗೆ ಸಹಾಯಕ ಗುರುವಾಗಿದ್ದೆ. ನಮ್ಮ ಮನೆಯಿಂದ ಎರಡು ಬೀದಿ ಆಚೆ ವಾಸವಾಗಿದ್ದ ಹಿರಿಯರೊಬ್ಬರು ತಮ್ಮ ಹಳೆಯ ಸ್ಪೋರ್ಟ್ಸ್ ಕಾರನ್ನು ಜೀರ್ಣೋದ್ಧಾರ ಮಾಡುತ್ತಿದ್ದರು. ಜೀರ್ಣೋದ್ಧಾರ ಎಂಬ ಶಬ್ದವನ್ನು ನಾವು ದೇವಾಲಯಗಳಿಗೆ ಮೀಸಲಿಟ್ಟಿದ್ದೇವೆ. ಆದರೆ ಆ ಗ್ಯಾರೇಜಿನಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಬೇರೆ ಹೆಸರು ನನಗೆ ತೋಚುವುದಿಲ್ಲ. ಅಂದು ಆ ಕಾರಿನ ಮೈಯನ್ನು ಚಾಸಿಯಿಂದ ಎತ್ತಿ ಬೇರೆ ಮಾಡಬೇಕಿತ್ತು. ಎತ್ತಲು ನಾಲ್ಕು ಜನ ಬೇಕು, ಮೂವರಿದ್ದರು. ನಾಲ್ಕನೆಯವನಾಗಿ ನಾನು ಹೋದೆ.

ಆ ಹಿರಿಯರ ಕುರಿತು ಎರಡು ಮಾತು ಹೇಳಬೇಕು. ಐರ್ಲೆಂಡಿನಲ್ಲಿ ಹುಟ್ಟಿದವರು. ಹದಿನೆಂಟರ ವಯಸ್ಸಿನಲ್ಲಿ ಕೆಲಸ ಅರಸಿ ಕೊವೆಂಟ್ರಿಗೆ ಬಂದರು. ಆ ಕಾಲದಲ್ಲಿ ಸಾವಿರಾರು ಐರಿಷ್ ಯುವಕರು ಹಾಗೆ ಬಂದವರೇ. ಕ್ಯಾನ್ಲಿ ಎಂಬ ಭಾಗದಲ್ಲಿದ್ದ ಟ್ರಯಂಫ್ ಕಾರಿನ ಕಾರ್ಖಾನೆಯಲ್ಲಿ ದುಡಿದರು. ಸಾಲಿನಲ್ಲಿ ಸಾಗಿ ಬರುವ ಚಾಸಿಯ ಮೇಲೆ, ಮೇಲಿನಿಂದ ಇಳಿಯುವ ಬಾಡಿಯನ್ನು ಹೊಂದಿಸಿ ಬೋಲ್ಟು ಬಿಗಿಯುವುದು ಅವರ ಕೆಲಸವಾಗಿತ್ತು. "ಹನ್ನೊಂದು ವರ್ಷ ಬಾಡಿ ಇಳಿಸಿದ್ದೇನೆ ಫಾದರ್, ಒಂದನ್ನೂ ಎತ್ತಿದ್ದಿಲ್ಲ" ಎಂದು ನಗುತ್ತಿದ್ದರು. ಅವರ ಗ್ಯಾರೇಜಿನಲ್ಲಿದ್ದುದು 1976ರ ಟ್ರಯಂಫ್ ಸ್ಪಿಟ್‌ಫೈರ್, ಹಸಿರು ಬಣ್ಣದ್ದು. ಬೇರೆಯವರಿಂದ ಕೊಂಡು ಕೆಲವು ವರ್ಷ ಓಡಿಸಿ, ಮಕ್ಕಳು ಬೆಳೆದ ಗಲಾಟೆಯಲ್ಲಿ ಮೂಲೆಗೆ ನಿಲ್ಲಿಸಿದ್ದರು. ಅದರ ಬಾಡಿ ಇಳಿಸಿದವರು ತಾವೇ ಇರಬಹುದು, ಪಾಳಿಯ ಇನ್ನೊಬ್ಬರೂ ಇರಬಹುದು. ಅದನ್ನು ತಿಳಿಯುವ ದಾರಿಯಿಲ್ಲ ಎನ್ನುತ್ತಿದ್ದರು.

ಮೂಲೆ ಹಿಡಿದ ಕಾರನ್ನು ಮತ್ತೆ ಹೊರತೆಗೆಯಲು ಕಾರಣ ಅವರ ಕೈ. ಎರಡು ವರ್ಷಗಳಿಂದ ಬಲಗೈ ನಡುಗಲಾರಂಭಿಸಿತ್ತು. ವೈದ್ಯರು ಪಾರ್ಕಿನ್ಸನ್ ಕಾಯಿಲೆ ಎಂದು ಹೇಳಿದ್ದರು. ಮನೆಗೆ ಬಂದ ಮರುವಾರವೇ ಅವರು ಗ್ಯಾರೇಜಿನ ಬಾಗಿಲು ತೆರೆದರಂತೆ. ಅವರ ಶ್ರೀಮತಿಯವರು ಇದನ್ನು ನನಗೆ ಹೇಳಿದ್ದು ಅಡುಗೆಮನೆಯಲ್ಲಿ, ಚಹಾ ಸೋಸುತ್ತ, ನನ್ನ ಮುಖ ನೋಡದೆ.

ಇಲ್ಲಿ ಸ್ವಲ್ಪ ನಿಂತು ಈ ಕಾರಿನ ರಚನೆಯನ್ನು ನಿಮಗೆ ತಿಳಿಸಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗದು. ಇಂದು ನಮ್ಮ ಮನೆಗಳ ಮುಂದೆ ನಿಂತಿರುವ ಬಹುಪಾಲು ಕಾರುಗಳಿಗೆ ಬೇರೆ ಚಾಸಿ ಎಂಬುದಿಲ್ಲ. ಮೊಟ್ಟೆಯ ಚಿಪ್ಪಿನಂತೆ ಮೈಯೇ ಭಾರ ಹೊರುತ್ತದೆ. ಸ್ಪಿಟ್‌ಫೈರ್ ಬಂದ ಅದೇ 1962ರಲ್ಲಿ ಬಂದ ಎಂಜಿಬಿ ಎಂಬ ಕಾರು ಸಹ ಹಾಗೆಯೇ. ಅದರ ಮೈಯನ್ನು ಎತ್ತುತ್ತೇನೆಂದರೆ ಎತ್ತಲು ಏನೂ ಇಲ್ಲ. ಸ್ಪಿಟ್‌ಫೈರಾದರೋ ಹಳೆಯ ಪದ್ಧತಿಯದು, ನಮ್ಮ ಲಾರಿಯಂತೆ: ಕೆಳಗೊಂದು ಉಕ್ಕಿನ ಚೌಕಟ್ಟು, ಮೇಲೊಂದು ಮೈ, ನಡುವೆ ಬೋಲ್ಟುಗಳು.

ಹೀಗಾದುದಕ್ಕೆ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. 1950ರ ದಶಕದಲ್ಲಿ ಟ್ರಯಂಫಿನ ಒಡೆತನ ಹೊಂದಿದ್ದ ಸ್ಟ್ಯಾಂಡರ್ಡ್ ಸಂಸ್ಥೆಗೆ ಬಾಡಿಗಳನ್ನು ಒತ್ತಿ ಕೊಡುತ್ತಿದ್ದ ಕಂಪನಿಯನ್ನು ಪ್ರತಿಸ್ಪರ್ಧಿ ಬಿಎಂಸಿ ಕೊಂಡುಕೊಂಡಿತು. ಇಡೀ ಮೈಯನ್ನು ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿತು. ಆಗ ಅವರು ಬೇರೆ ಚಾಸಿಯ ಮೇಲೆ, ಬೇರೆ ಬೇರೆ ಕಡೆ ಮಾಡಿಸಿದ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸುವ ಕಾರನ್ನು ರೂಪಿಸಿದರು. ಇಟಲಿಯ ಜೊವಾನಿ ಮಿಕೆಲೊಟ್ಟಿ ಅದರ ಆಕಾರ ಬರೆದರು. 1959ರಲ್ಲಿ ಹೊರಬಂದ ಆ ಕಾರೇ ಟ್ರಯಂಫ್ ಹೆರಾಲ್ಡ್. ಹಿರಿಯ ಓದುಗರಿಗೆ ಈಗ ನೆನಪು ಬಂದಿರಬೇಕು: ಅದೇ ಹೆರಾಲ್ಡ್ ಮದ್ರಾಸಿನಲ್ಲಿ ತಯಾರಾಗಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ನಮ್ಮ ರಸ್ತೆಗಳಲ್ಲಿ ಓಡಿದ್ದು. ನಮ್ಮ ಕಾಫಿ ಸೀಮೆಯ ಡಾಕ್ಟರರೊಬ್ಬರ ಬಳಿ ಒಂದಿತ್ತು. ಅದರ ಬಾನೆಟ್ಟು ಇತರ ಕಾರುಗಳಂತೆ ಬಾಯಿ ತೆರೆಯುತ್ತಿರಲಿಲ್ಲ. ದೀಪ, ಮಡ್‌ಗಾರ್ಡುಗಳ ಸಮೇತ ಇಡೀ ಮುಂಭಾಗ ಮುಂದಕ್ಕೆ ಬಾಗಿ, ಇಂಜಿನ್ನು ಚಕ್ರಗಳೆಲ್ಲ ಬಯಲಾಗುತ್ತಿದ್ದವು. ಡ್ರೈವರು ಅದನ್ನು ತೆರೆದಾಗಲೆಲ್ಲ ನಾನು ಡಾಕ್ಟರರ ಚುಚ್ಚುಮದ್ದಿನ ಭಯವನ್ನೂ ಮರೆತು ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಮೂವತ್ತೈದು ವರ್ಷಗಳ ಬಳಿಕ ಕೊವೆಂಟ್ರಿಯ ಗ್ಯಾರೇಜಿನಲ್ಲಿ ಆ ಹಿರಿಯರು ಸ್ಪಿಟ್‌ಫೈರಿನ ಬಾನೆಟ್ಟನ್ನು ಅದೇ ರೀತಿ ಮುಂದಕ್ಕೆ ಬಾಗಿಸಿದಾಗ ನನಗೆ ಮೊದಲು ಬಂದದ್ದು ಸ್ಪಿರಿಟ್ಟಿನ ವಾಸನೆಯ ನೆನಪು.

ಸ್ಪಿಟ್‌ಫೈರ್ ಹೆರಾಲ್ಡಿನ ತಂಗಿ. ಹೆರಾಲ್ಡಿನ ಚಾಸಿಯನ್ನು ಮೊಟಕುಗೊಳಿಸಿ, ಇಬ್ಬರೇ ಕೂರುವ, ಬಟ್ಟೆಯ ಛಾವಣಿಯ ತಗ್ಗಾದ ಮೈಯನ್ನು ಮಿಕೆಲೊಟ್ಟಿಯವರೇ ಅದಕ್ಕೆ ತೊಡಿಸಿದರು. ಹಣವಿಲ್ಲದೆ ಆ ಮೊದಲ ಮಾದರಿ ಕಾರ್ಖಾನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. 1961ರಲ್ಲಿ ಸಂಸ್ಥೆ ಲೇಲ್ಯಾಂಡಿನ ಕೈಗೆ ಹೋದ ಮೇಲೆ ಹೊಸ ಒಡೆಯರ ಕಣ್ಣಿಗೆ ಬಿದ್ದು ಬದುಕಿಕೊಂಡಿತು. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು.

ಆದರೆ ಮೊಟಕುಗೊಳಿಸುವಾಗ ಒಂದು ಕೆಲಸ ನಡೆಯಿತು, ಅದೇ ನಮ್ಮ ಕಥೆಯ ಗಂಟು. ಹೆರಾಲ್ಡಿನ ಚಾಸಿಗೆ ನಡುವಿನ ಬೆನ್ನೆಲುಬಲ್ಲದೆ ಅಕ್ಕಪಕ್ಕದಲ್ಲಿಯೂ ತೊಲೆಗಳಿದ್ದವು. ಸ್ಪಿಟ್‌ಫೈರಿನಲ್ಲಿ ಆ ಪಕ್ಕದ ತೊಲೆಗಳನ್ನು ತೆಗೆದುಹಾಕಿದರು. ಅವುಗಳ ಭಾರ ಯಾರ ಮೇಲೆ ಬಿತ್ತು? ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ತಗಡಿನ ಪೆಟ್ಟಿಗೆಯ ಮೇಲೆ. ಅವರು ಅದನ್ನು ಸಿಲ್ ಎನ್ನುತ್ತಾರೆ. ನಾವು ಹೊಸ್ತಿಲು ಎನ್ನೋಣ. ಹಿಂದಿನ ಚಕ್ರವನ್ನು ಹಿಡಿದಿಡುವ ಸರಳಿನ ಮುಂತುದಿ ಕೂಡ ಚಾಸಿಗಲ್ಲ, ಮೈಗೇ ಅಂಟಿಕೊಂಡಿದೆ. ಹೀಗಾಗಿ ಹೆಸರಿಗೆ ಚಾಸಿ ಬೇರೆ, ಮೈ ಬೇರೆ. ವಾಸ್ತವದಲ್ಲಿ ಅರ್ಧ ಭಾರವನ್ನು ಮೈ ಹೊರುತ್ತದೆ, ಮೈಯ ನೇರವನ್ನು ಚಾಸಿ ಕಾಯುತ್ತದೆ. ಒಂದನ್ನೊಂದು ಬಿಟ್ಟ ಕೂಡಲೇ ಎರಡೂ ದುರ್ಬಲ. ಮೇಲೆ ಛಾವಣಿಯಿಲ್ಲದ ಕಾರಾದುದರಿಂದ, ಹೊಸ್ತಿಲು ತುಕ್ಕು ಹಿಡಿದಿದ್ದರೆ ಎತ್ತಿದಾಗ ಮೈ ಬಾಗಿಲಿನ ನಡುವೆ ಪುಸ್ತಕದಂತೆ ಮಡಿಸಿಕೊಳ್ಳುತ್ತದೆ.

ಅವಸರದವರು ಮಾಡುವ ತಪ್ಪು ಇದೇ ಎಂದು ಹಿರಿಯರು ಹೇಳುತ್ತಿದ್ದರು. ಮೊದಲು ಮೈ ಎತ್ತಿಬಿಡುತ್ತಾರೆ. ಆಮೇಲೆ ಕೊಳೆತ ಹೊಸ್ತಿಲನ್ನು ಆರಾಮವಾಗಿ ಕತ್ತರಿಸಿ ಹೊಸದನ್ನು ಬೆಸೆಯುತ್ತಾರೆ. ಬೆಸುಗೆಯೇನೋ ಗಟ್ಟಿಯಾಗಿಯೇ ಆಗುತ್ತದೆ, ಸೊಟ್ಟಾದ ಮೈ ಸೊಟ್ಟಾಗಿಯೇ ಗಟ್ಟಿಯಾಗುತ್ತದೆ! ಅವರು ಹಾಗೆ ಮಾಡಲಿಲ್ಲ. ಹಿಂದಿನ ಚಳಿಗಾಲವೆಲ್ಲ ಮೈ ಚಾಸಿಯ ಮೇಲಿರುವಾಗಲೇ, ಒಂದು ಬದಿ ಮುಗಿಸಿ ಇನ್ನೊಂದು ಬದಿಯಂತೆ, ಹೊಸ್ತಿಲುಗಳನ್ನು ಬದಲಿಸಿದ್ದರು. ವೆಲ್ಡಿಂಗನ್ನು ಅಳಿಯ ಮಾಡಿದ. ಇವರು ಪಕ್ಕದಲ್ಲಿ ಕುಳಿತು ಅಳತೆ ಹಿಡಿದರು. ಬಾಗಿಲಿನ ಸಂದು ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಪ್ರತಿ ಬಾರಿಯೂ ನೋಡುತ್ತಿದ್ದರಂತೆ. ಮೇಲಿನ ಸಂದು ಕಿರಿದಾದರೆ ನಡು ಕುಸಿಯುತ್ತಿದೆ ಎಂದು ಅರ್ಥ.

ನನ್ನ ಪಾತ್ರ ಆರಂಭವಾದುದು ಆ ಬಳಿಕ, ಬಿಚ್ಚುವ ಕೆಲಸದಲ್ಲಿ. ಪೆಟ್ರೋಲು ಬಸಿಯುವುದು, ಬ್ಯಾಟರಿ ತೆಗೆಯುವುದು, ಸೀಟು, ಗೇರ್‌ಬಾಕ್ಸಿನ ಮೇಲಿನ ಹೊದಿಕೆ, ಗೇರಿನ ಕೋಲು, ಸ್ಟೇರಿಂಗಿನ ಕೊಂಡಿ, ಬ್ರೇಕಿನ ಮತ್ತು ಕ್ಲಚ್ಚಿನ ಕೊಳವೆಗಳು, ಹ್ಯಾಂಡ್‌ಬ್ರೇಕಿನ ತಂತಿ, ಹೀಟರಿನ ರಬ್ಬರು ನಳಿಗೆಗಳು, ವೈರುಗಳ ಕಟ್ಟು. ಮೈಯಿಂದ ಚಾಸಿಗೆ ಹೋಗುವ ಯಾವ ಎಳೆಯೂ ಉಳಿಯಬಾರದು. ಪ್ರತಿಯೊಂದು ಬಿಚ್ಚಿದಾಗಲೂ ಒಂದು ಚೀಟಿ ಬರೆದು ದಾರದಲ್ಲಿ ಕಟ್ಟಬೇಕು: ಇದು ಯಾವುದು, ಎಲ್ಲಿಯದು, ಯಾವ ಬದಿಯದು, ಯಾವುದರ ನಂತರ ಬರುವುದು. ಅವರ ಕೈಗೆ ಬರೆಯಲಾಗುತ್ತಿರಲಿಲ್ಲ. ಗುರುಮಠದಲ್ಲಿ ನನ್ನ ಅಕ್ಷರಕ್ಕೆ ಒಳ್ಳೆಯ ಹೆಸರಿತ್ತು (ಬೇರಾವುದಕ್ಕೂ ಅಷ್ಟಿರಲಿಲ್ಲ). ಆದ್ದರಿಂದ ವಾರಕ್ಕೊಂದು ಸಂಜೆ ನಾನು ಅವರ ಲಿಪಿಕಾರನಾದೆ.

ಒಂದು ಸಂಜೆ ನಾನು, "ಇಷ್ಟು ವಿವರ ಬೇಕೇ? ನಿಮಗೆ ಈ ಕಾರಿನ ಪ್ರತಿ ಬೋಲ್ಟೂ ಗೊತ್ತಲ್ಲ" ಎಂದೆ. ಅವರು ಕೂಡಲೇ ಉತ್ತರಿಸಲಿಲ್ಲ. ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದು, "ಜೋಡಿಸುವವನು ನಾನೇ ಎಂದು ಏನು ಖಾತ್ರಿ ಫಾದರ್?" ಎಂದರು. ಆಮೇಲೆ ಹಳೆಯ ಕಾರುಗಳ ಪತ್ರಿಕೆಯೊಂದರ ಕೊನೆಯ ಪುಟಗಳನ್ನು ತೆರೆದು ತೋರಿಸಿದರು. ಮಾರಾಟದ ಜಾಹೀರಾತುಗಳು. ಅರ್ಧಕ್ಕೆ ನಿಂತ ಕಾರು, ಬಾಡಿ ಬೇರೆ ಚಾಸಿ ಬೇರೆ, ಉಳಿದ ಭಾಗಗಳು ಪೆಟ್ಟಿಗೆಗಳಲ್ಲಿ, ಮಾಲೀಕರು ತೀರಿಕೊಂಡಿದ್ದಾರೆ ಅಥವಾ ಮನೆ ಬದಲಿಸುತ್ತಿದ್ದಾರೆ. ಬಿಚ್ಚುವುದು ಒಂದು ತಿಂಗಳ ಉತ್ಸಾಹ, ಜೋಡಿಸುವುದು ಎರಡು ಮೂರು ವರ್ಷಗಳ ಕೆಲಸ. ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿಯದ ಕಾರನ್ನು ಕೊಳ್ಳುವವರು ಕೊಳ್ಳುವುದು ಬಿಡಿ ಭಾಗಗಳಿಗಾಗಿ ಮಾತ್ರ. ಅವರ ಮೊಮ್ಮಗಳಿಗೆ ಆಗ ಹದಿನೇಳು ವರ್ಷ. ಅವಳಿಗೆ ಕಾರಿನಲ್ಲಿ ಆಸಕ್ತಿಯಿದೆಯೋ, ತಾತನಲ್ಲಿಯೋ ಎಂದು ಹೇಳುವುದು ಕಷ್ಟವಿತ್ತು, ಅಂತೂ ಬರುತ್ತಿದ್ದಳು. ನಾನು ಬರೆಯುತ್ತಿದ್ದ ಚೀಟಿಗಳು ಅವಳಿಗಾಗಿ ಎಂಬುದು ಅಂದು ನನಗೆ ಹೊಳೆಯಿತು.

ಎತ್ತುವ ಶನಿವಾರ ಬಂದಿತು. ಹಿಂದಿನ ದಿನವೇ ಎರಡೂ ಬಾಗಿಲುಗಳನ್ನು ಕಳಚಿ, ಆ ಜಾಗಕ್ಕೆ ಅಡ್ಡಲಾಗಿ ಉಕ್ಕಿನ ಸರಳುಗಳನ್ನು ಬಿಗಿದಿದ್ದರು. ಬಾಗಿಲಿನ ತಿರುಗಣಿಯಿದ್ದ ಕಂಬದಿಂದ ಚಿಲಕ ಕೂರುವ ಕಂಬದವರೆಗೆ. ಮುರಿದ ಕೈಗೆ ಕಟ್ಟುವ ದಬ್ಬೆಯಂತೆ ಇದು. ಬಾನೆಟ್ಟು ಆಗಲೇ ಹೊರಗೆ ಹುಲ್ಲಿನ ಮೇಲೆ ಮಲಗಿತ್ತು. ಮೈಯನ್ನು ಚಾಸಿಗೆ ಬಿಗಿದ ಬೋಲ್ಟುಗಳಿಗೆ ವಾರದಿಂದ ಎಣ್ಣೆ ಕುಡಿಸಿದ್ದರೂ ಎರಡು ಜಪ್ಪಯ್ಯ ಎನ್ನಲಿಲ್ಲ. ಒಂದರ ನಟ್ಟು ನೆಲದ ತಗಡಿನೊಳಗೆ ಸುಮ್ಮನೆ ತಿರುಗತೊಡಗಿತು. ಅದರ ತಲೆಯನ್ನು ಗ್ರೈಂಡರಿನಿಂದ ಕತ್ತರಿಸಬೇಕಾಯಿತು. ಕಿಡಿ ಹಾರುವಾಗ ಪಕ್ಕದಲ್ಲಿ ನೀರಿನ ಬಕೆಟ್ಟು ಹಿಡಿದು ನಿಲ್ಲುವ ಜವಾಬ್ದಾರಿ ನನ್ನದು.

ಆಮೇಲೆ ಅಳಿಯ, ಮೊಮ್ಮಗಳು, ಪಕ್ಕದ ಮನೆಯವರು ಮತ್ತು ನಾನು ನಾಲ್ಕು ಮೂಲೆ ಹಿಡಿದೆವು. ಹಿರಿಯರು ಬಾಗಿಲಲ್ಲಿ ನಿಂತು ಎಣಿಸಿದರು. ಮೈ ನಾಲ್ಕು ಬೆರಳು ಎದ್ದು, ಎಡಭಾಗದಲ್ಲಿ ಗಕ್ಕನೆ ನಿಂತಿತು. "ಇಳಿಸಿ!" ಎಂಬ ಅವರ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. ಅಷ್ಟು ಚೀಟಿ ಬರೆದೂ ಸ್ಪೀಡೋಮೀಟರಿನ ತಂತಿಯನ್ನು ಬಿಚ್ಚಲು ನಾವು ಮರೆತಿದ್ದೆವು. ಬಿಚ್ಚಿ ಮತ್ತೆ ಎತ್ತಿದೆವು. ಈ ಬಾರಿ ಅದು ಎದ್ದಿತು. ಇಡೀ ಕಾರು ಸುಮಾರು 800 ಕಿಲೋ ತೂಗುತ್ತದೆ, ಆದರೆ ಖಾಲಿ ಮಾಡಿದ ಆ ಮೈಯನ್ನು ನಾಲ್ವರು ಸೊಂಟದ ಮಟ್ಟಕ್ಕೆ ಎತ್ತಿ ನಿಲ್ಲಬಹುದಿತ್ತು. ಎತ್ತಿ ನಿಂತೆವು. ಪಕ್ಕದ ಮನೆಯವರ ಮಗ ಚಾಸಿಯನ್ನು ಮುಂದಕ್ಕೆ ತಳ್ಳಿದ. ಇಂಜಿನ್ನು, ಗೇರ್‌ಬಾಕ್ಸು, ಹಿಂದಿನ ಅಡ್ಡ ಸ್ಪ್ರಿಂಗು, ನಾಲ್ಕು ಚಕ್ರ ಎಲ್ಲವನ್ನೂ ಹೊತ್ತುಕೊಂಡು ಅದು ನಮ್ಮ ಕೈಗಳ ಕೆಳಗಿನಿಂದ ಜಾರಿ ಬಿಸಿಲಿಗೆ ಹೋಯಿತು. ನಾವು ಮೈಯನ್ನು ಹಳೆಯ ಟೈರುಗಳ ಮೇಲೆ ಇಳಿಸಿದೆವು. ಯಾರೂ ಮಾತಾಡಲಿಲ್ಲ. ಹಿರಿಯರು ಚಾಸಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, "ಇವಳನ್ನು ಹೀಗೆ ನೋಡಿ ಮೂವತ್ತೆರಡು ವರ್ಷವಾಯಿತು" ಎಂದರು.

ಈಗ ನನ್ನ ತಪ್ಪಿನ ವಿಚಾರ. ಮೈಗೂ ಚಾಸಿಗೂ ನಡುವೆ, ಪ್ರತಿ ಬೋಲ್ಟಿನ ಜಾಗದಲ್ಲಿ, ರಬ್ಬರಿನ ಮತ್ತು ಲೋಹದ ಚಿಕ್ಕ ಬಿಲ್ಲೆಗಳಿರುತ್ತವೆ. ನಮ್ಮ ಮೆಕ್ಯಾನಿಕ್ಕುಗಳು ಪ್ಯಾಕಿಂಗ್ ಎನ್ನುವುದು ಇದನ್ನೇ. ಎಲ್ಲ ಕಡೆ ಒಂದೇ ದಪ್ಪವಿರುವುದಿಲ್ಲ. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಅಥವಾ ಮೂರು. ಕೈಯಿಂದ ಜೋಡಿಸಿದ ಕಾರು ಇನ್ನೊಂದರಂತೆ ಇರುವುದಿಲ್ಲವಾದ ಕಾರಣ, ಬಾಗಿಲು ನೇರವಾಗಿ ಕೂರುವಷ್ಟು ಕಾರ್ಖಾನೆಯಲ್ಲಿಯೇ ಹಾಕಿರುತ್ತಾರೆ. ಮೈ ಎತ್ತಿದ ಮೇಲೆ ಅವನ್ನು ಒಂದೊಂದಾಗಿ ತೆಗೆದು, ಅದರದರ ಚೀಟಿಯೊಡನೆ ಪೊಟ್ಟಣ ಕಟ್ಟುವುದು ನನಗೆ ಬಿಟ್ಟ ಕೆಲಸ. ಎರಡು ಪೊಟ್ಟಣ ಕಟ್ಟಿದ್ದೆ. ಆಗ ಆಸ್ಪತ್ರೆಯಿಂದ ಕರೆ ಬಂದಿತು; ರೋಗಿಯೊಬ್ಬರು ಗುರುಗಳನ್ನು ಕೇಳುತ್ತಿದ್ದರು. ಚಾಸಿಯನ್ನು ಮತ್ತೆ ಒಳಗೆ ತಳ್ಳಬೇಕಾದುದರಿಂದ ಬಿಲ್ಲೆಗಳನ್ನು ಹಾಗೆಯೇ ಬಿಡುವಂತಿರಲಿಲ್ಲ. ಉಳಿದುದೆಲ್ಲವನ್ನೂ ಬಾಚಿ ಒಂದು ಬಿಸ್ಕತ್ತಿನ ಡಬ್ಬಿಗೆ ಸುರಿದು, ಮೇಲೆ "ಪ್ಯಾಕಿಂಗ್" ಎಂದಷ್ಟೇ ಬರೆದು, ಕೈ ತೊಳೆದುಕೊಂಡು ಓಡಿದೆ. ನಾಳೆ ಬಂದು ವಿಂಗಡಿಸಿದರಾಯಿತು ಎಂದುಕೊಂಡೆ. ಮರುದಿನ ಭಾನುವಾರ, ಮೂರು ಬಲಿಪೂಜೆಗಳು. ಮುಂದಿನ ವಾರ ಹೋಗಿ ಡಬ್ಬಿ ತೆರೆದಾಗ ಯಾವುದು ಎಲ್ಲಿಯದೆಂದು ನನಗೆ ಒಂದೂ ನೆನಪಿರಲಿಲ್ಲ.

ನಾನು ಹೇಳಲಿಲ್ಲ. ಪ್ರತಿ ಶನಿವಾರ ಸಂಜೆ ಕುಳಿತು ಇತರರ ಪಾಪನಿವೇದನೆ ಕೇಳುವ ನಾನು, ಒಂದು ಬಿಸ್ಕತ್ತಿನ ಡಬ್ಬಿಯ ವಿಷಯವನ್ನು ಹತ್ತು ತಿಂಗಳು ಬಾಯಿ ಬಿಡಲಿಲ್ಲ. ಸಣ್ಣ ಸಂಗತಿ, ಹೊಸ ಬಿಲ್ಲೆಗಳು ಸಿಗುತ್ತವೆ, ಹೇಗೂ ಸರಿಹೋದೀತು ಎಂದು ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ.

ಚಳಿಗಾಲದಲ್ಲಿ ಚಾಸಿಯ ಕೆಲಸ ನಡೆಯಿತು. ಇಂಜಿನ್ನನ್ನೂ ಇಳಿಸಿ, ತುಕ್ಕು ಕೆರೆದು, ಎರಡು ಕಡೆ ತೂತು ಬಿದ್ದ ತೊಲೆಗೆ ತೇಪೆ ಹಾಕಿ ಕಪ್ಪು ಬಣ್ಣ ಬಳಿದರು. ಸುಮ್ಮನಿದ್ದಾಗ ನಡುಗುತ್ತಿದ್ದ ಅವರ ಕೈ ತಂತಿಯ ಬ್ರಷ್ ಹಿಡಿದು ಉಜ್ಜುವಾಗ ತುಸು ಸುಮ್ಮನಾಗುತ್ತಿತ್ತು. ಚಿಕ್ಕ ನಟ್ಟನ್ನು ಬೋಲ್ಟಿನ ತುದಿಗೆ ಹಚ್ಚುವುದು ಮಾತ್ರ ಆಗುತ್ತಿರಲಿಲ್ಲ. ಅದನ್ನು ಮೊಮ್ಮಗಳು ಮಾಡುತ್ತಿದ್ದಳು. ನಟ್ಟು ಕೈ ಜಾರಿ ಬಿದ್ದರೆ ಇಬ್ಬರೂ ಅದು ಉರುಳಿ ನಿಲ್ಲುವವರೆಗೆ ಕಾದು, ಒಬ್ಬರನ್ನೊಬ್ಬರು ನೋಡದೆ ಎತ್ತಿಕೊಳ್ಳುತ್ತಿದ್ದರು.

ಆ ಜನವರಿಯಲ್ಲಿ ಒಂದು ದಿನ ಅವರು ನಮ್ಮನ್ನು ಗೇಡನ್ ಎಂಬಲ್ಲಿನ ಮೋಟಾರು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. 1980ರ ಆಗಸ್ಟಿನಲ್ಲಿ ಕ್ಯಾನ್ಲಿಯಲ್ಲಿ ತಯಾರಾದ ಕಟ್ಟಕಡೆಯ ಸ್ಪಿಟ್‌ಫೈರ್ ಅಲ್ಲಿನ ಸಂಗ್ರಹದಲ್ಲಿದೆ. ಹಳದಿ ಬಣ್ಣದ್ದು, ಯಾರಿಗೂ ಮಾರಾಟವಾಗಲಿಲ್ಲ. ಅದಾದ ಸ್ವಲ್ಪ ಕಾಲಕ್ಕೇ ಅಲ್ಲಿ ಕಾರು ಜೋಡಿಸುವುದು ನಿಂತಿತು, ಇವರೂ ಮನೆಗೆ ಬಂದರು. ಅವರು ಕಾರಿನ ಮುಂದೆ ನಿಂತು ಭಾವುಕರಾಗುತ್ತಾರೆಂದು ನಾನು ನಿರೀಕ್ಷಿಸಿದ್ದೆ. ಅವರು ಮಾಡಿದ್ದು ಬೇರೆ: ಮಂಡಿಯೂರಿ ಕುಳಿತು, ಒಂದು ಕಣ್ಣು ಮುಚ್ಚಿ, ಬಾಗಿಲಿನ ಸಂದನ್ನು ಮೇಲಿನಿಂದ ಕೆಳಕ್ಕೆ ನೋಡಿದರು. ಎದ್ದು ಮೊಮ್ಮಗಳಿಗೆ, "ಬಣ್ಣ ಯಾರಿಗಾದರೂ ಬಳಿಯಲು ಬರುತ್ತದೆ. ಒಳಗಿನ ಕೆಲಸ ಹೇಗಿದೆಯೆಂದು ಬಾಗಿಲು ಹೇಳುತ್ತದೆ" ಎಂದರು. ಹಿಂದಿರುಗುವ ದಾರಿಯುದ್ದಕ್ಕೂ ನನಗೆ ಆ ಡಬ್ಬಿ ಕಣ್ಣಮುಂದೆ ಬರುತ್ತಿತ್ತು. ಆಗಲೂ ಹೇಳಲಿಲ್ಲ.

2013ರ ಏಪ್ರಿಲ್‌ನಲ್ಲಿ ಮೈಯನ್ನು ಮರಳಿ ಇಳಿಸಿದೆವು. ಇಳಿಸುವ ಮುನ್ನ ಅಳಿಯ ಡಬ್ಬಿ ತೆರೆದು, ಒಳಗೆ ನೋಡಿ, ನನ್ನತ್ತ ನೋಡಿದ. "ಸುಮಾರಾಗಿ ಹಾಕೋಣ" ಎಂದೆ ನಾನು. ಸುಮಾರಾಗಿ ಹಾಕಿದೆವು. ಹಿರಿಯರು ಅಂದು ಒಳಗೆ ಮಲಗಿದ್ದರು. ಅವರ ಪಾಲಿಗೆ ಒಳ್ಳೆಯ ದಿನವಾಗಿರಲಿಲ್ಲ. ಬೋಲ್ಟುಗಳನ್ನು ಬಿಗಿದು, ಅಡ್ಡ ಸರಳುಗಳನ್ನು ಕಳಚಿ, ಸಂಜೆಗೆ ಬಾಗಿಲುಗಳನ್ನು ತೂಗುಹಾಕಿದೆವು. ಚಾಲಕನ ಬದಿಯದು ಕೂಡಿಕೊಂಡಿತು. ಎಡಬದಿಯದು ಮೇಲಿನ ಹಿಂಭಾಗದ ಅಂಚಿನಲ್ಲಿ ತಗಡಿಗೆ ತಗಡು ತಾಗಿ ಕರ್ ಎಂದಿತು. ಒತ್ತಿದರೂ ಹಾಕಿಕೊಳ್ಳಲಿಲ್ಲ. ಒಂದೂವರೆ ವರ್ಷದ ಹೊಸ್ತಿಲಿನ ಕೆಲಸ, ಅಷ್ಟು ಅಳತೆ, ಅಷ್ಟು ಬೆಸುಗೆ. ಎಲ್ಲವೂ ಹಾಳಾಯಿತೇ ಎಂದು ಅಳಿಯನ ಮುಖ ಬಿಳುಚಿತು. ತನ್ನ ವೆಲ್ಡಿಂಗಿನದೇ ತಪ್ಪು ಎಂದುಕೊಂಡ ಆತ.

ನಾನು ಒಳಗೆ ಹೋಗಿ, ಕುರ್ಚಿ ಎಳೆದುಕೊಂಡು ಅವರ ಮಂಚದ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಡಬ್ಬಿ, ಆಸ್ಪತ್ರೆಯ ಕರೆ, ಹತ್ತು ತಿಂಗಳ ಮೌನ. ಅವರು ಚಾವಣಿ ನೋಡುತ್ತ ಕೇಳಿದರು. ಸಿಟ್ಟಾದರು, ಆಗಲಿಲ್ಲವೆಂದು ನಾನು ಬರೆದರೆ ಸುಳ್ಳಾದೀತು. "ಅಂದೇ ಹೇಳಿದ್ದರೆ ಚಾಸಿಯ ಮೇಲೆ ಬಿಲ್ಲೆಗಳ ಗುರುತು ಇರುತ್ತಿತ್ತು ಫಾದರ್. ಈಗ ಅದನ್ನು ಕೆರೆದು ಬಣ್ಣ ಹೊಡೆದಿದ್ದೇವೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಳಿಯನಿಗೆ ಹೇಳಿ, ಅವನ ಬೆಸುಗೆಯದಲ್ಲವೆಂದು. ಮೊದಲು ಅದನ್ನು ಹೇಳಿ ಬನ್ನಿ" ಎಂದರು. ಹೇಳಿ ಬಂದೆ.

ದಾರಿ ಕಂಡುಕೊಂಡವಳು ಮೊಮ್ಮಗಳು. ಚಾಸಿಯನ್ನು ಕೆರೆದಿದ್ದರೇನು, ಮೈಯ ಅಡಿಭಾಗವನ್ನು ಇನ್ನೂ ಕೆರೆದಿರಲಿಲ್ಲ. ಟಾರ್ಚು ಹಿಡಿದು ಕಾರಿನಡಿ ಅಂಗಾತ ಮಲಗಿ, ಹಳೆಯ ಕೊಳೆಯ ನಡುವೆ ಬಿಲ್ಲೆಗಳು ಕುಳಿತಿದ್ದ ಜಾಗದ ಅಚ್ಚುಗಳನ್ನು ಅವಳು ಹುಡುಕಿದಳು. ಇದು ಚೌಕ, ಇದು ಉದ್ದನೆಯದು, ಇದರಲ್ಲಿ ರಬ್ಬರಿನ ಕಪ್ಪು ಉಳಿದಿದೆ ಎಂದು ಅವಳು ಹೇಳುತ್ತ ಹೋದಂತೆ ನಾನು ಬರೆದುಕೊಂಡೆ. ಆಕಾರ ಹೀಗೆ ದೊರೆಯಿತು, ದಪ್ಪ ದೊರೆಯಲಿಲ್ಲ. ಅದಕ್ಕೆ ಮೂರು ಶನಿವಾರಗಳು ಹಿಡಿದವು. ಹಿರಿಯರು ಕುರ್ಚಿ ಹಾಕಿಸಿಕೊಂಡು ಬಾಗಿಲಿನೆದುರು ಕುಳಿತರು. ನಡುವಿನ ಬೋಲ್ಟು ಸಡಿಲಿಸು, ಒಂದು ಬಿಲ್ಲೆ ಸೇರಿಸು, ಬಿಗಿ, ಬಾಗಿಲು ಹಾಕು. ಮೇಲಿನ ಸಂದು ಒಂದು ಎಳೆ ತೆರೆಯಿತು. ಹಿಂದಿನದರಿಂದ ಒಂದು ತೆಗೆ, ಬಿಗಿ, ಹಾಕು. ಅಳತೆಗೆ ಐಸ್‌ಕ್ರೀಮಿನ ಕಡ್ಡಿ. ಅದು ಸಂದಿನ ಉದ್ದಕ್ಕೂ ಎಲ್ಲಿಯೂ ಸಿಕ್ಕಿಕೊಳ್ಳದೆ, ಎಲ್ಲಿಯೂ ಸಡಿಲವಾಗದೆ ಜಾರಬೇಕು. ಬಲಬದಿ ಸರಿಯಾದರೆ ಎಡಬದಿ ಕೆಡುತ್ತಿತ್ತು. ನಡುವೆ ಒಮ್ಮೆ ಅವರು ಎದ್ದು ಬಂದು ಬಾಗಿಲಿನ ಅಡಿಗೆ ಮರದ ತುಂಡು ಕೊಟ್ಟು, ಮೊಣಕಾಲು ಒತ್ತಿ, ಮೇಲಕ್ಕೆ ಒಮ್ಮೆ ಜಗ್ಗಿದರು. ನಾವು ಬೆಚ್ಚಿಬಿದ್ದೆವು. "ಕಾರ್ಖಾನೆ ಪದ್ಧತಿ" ಎಂದರು ಅವರು, ಅಂದು ಮೊದಲ ಬಾರಿ ನಗುತ್ತ.

ಮೂರನೆಯ ಶನಿವಾರ, ಚಹಾದ ಹೊತ್ತಿಗೆ ಮೊದಲು, ಎಡಬಾಗಿಲು ಎರಡು ಬೆರಳಿನ ತಳ್ಳಿಗೆ ಮುಚ್ಚಿಕೊಂಡಿತು. ಅವರು ಅದನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಒಳಗೆ ಹೋಗಿ ಶ್ರೀಮತಿಯವರನ್ನು ಕರೆದುಕೊಂಡು ಬಂದು ಅವರಿಂದಲೂ ಒಮ್ಮೆ ಮುಚ್ಚಿಸಿದರು.

ಆ ಆಗಸ್ಟಿನಲ್ಲಿ ನಾನು ಊರಿಗೆ ಮರಳಿದೆ. ಆಗ ಕಾರಿಗೆ ಸೀಟುಗಳಿರಲಿಲ್ಲ, ವೈರುಗಳ ಅರ್ಧ ಕೆಲಸ ಬಾಕಿಯಿತ್ತು. ಮರುವರ್ಷ ಅದು ಅಲ್ಲಿನ ಸುರಕ್ಷತಾ ತಪಾಸಣೆಗೆ ಹೋಗಿ, ಹ್ಯಾಂಡ್‌ಬ್ರೇಕಿನ ಕಾರಣ ಒಮ್ಮೆ ಅನುತ್ತೀರ್ಣವಾಗಿ, ಎರಡನೆಯ ಸಲ ತೇರ್ಗಡೆಯಾಯಿತು. ಓಡಿಸಿದವಳು ಮೊಮ್ಮಗಳು, ತಾತ ಎಡಬದಿಯ ಸೀಟಿನಲ್ಲಿ ಕುಳಿತಿದ್ದರು, ಆ ಬಾಗಿಲಿನ ಪಕ್ಕ. ಆ ದಿನದ ಚಿತ್ರವನ್ನು ಅವಳು ನನಗೆ ಕಳುಹಿಸಿದಳು. ಜೊತೆಯಲ್ಲಿ ಇನ್ನೊಂದು ಚಿತ್ರವಿತ್ತು: ನನ್ನ ಅಕ್ಷರದಲ್ಲಿ "ಪ್ಯಾಕಿಂಗ್" ಎಂದು ಬರೆದ ಬಿಸ್ಕತ್ತಿನ ಡಬ್ಬಿ, ಅದರ ತಳದಲ್ಲಿ ಎರಡು ಬಿಲ್ಲೆಗಳು. ಕೆಳಗೆ ಅವಳು ಬರೆದಿದ್ದಳು: "ಇವೆರಡು ಉಳಿದಿವೆ ಫಾದರ್. ಎಲ್ಲಿಯವೆಂದು ತಾತ ನಿಮ್ಮನ್ನು ಕೇಳಲು ಹೇಳಿದ್ದಾರೆ."